ಹಾಸಿಗೆಯ ಪ್ಲಾಸ್ಟಿಕ್ ಬಿಚ್ಚದ ತರಬೇತಿ: ಕೌಶಲ್ಯದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕೌಶಲ್ಯ ತರಬೇತಿಯ ಉಸ್ತುವಾರಿ ನೋಡುವ ಅಧಿಕಾರಿಗಳಿಗೆ, ತರಬೇತಿ ಕೇಂದ್ರ ನಡೆಸುವವರಿಗೆ, ಹಾಗೆಯೇ ಕೆಲಸ ಕೊಡುವ ನಮ್ಮಂಥವರಿಗೆ

ವಿಷಯ: ಮೊದಲ ಸಲ ಕೆಲಸಕ್ಕೆ ಸೇರುವವರಿಗೆ ಕೊಡುವ ಕೌಶಲ್ಯ ಸರ್ಟಿಫಿಕೇಟಿನ ಬಗ್ಗೆ

ಮಾನ್ಯರೇ,

ನಾನು ಕಾರವಾರದಲ್ಲಿ ಹೆದ್ದಾರಿ ಪಕ್ಕದ ಒಂದು ಲಾಡ್ಜಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. 32 ರೂಮು, 22 ಜನ ಸಿಬ್ಬಂದಿ. ಹುಟ್ಟಿದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಮದುವೆಯಾಗಿ ಘಟ್ಟ ಇಳಿದೆ. 19 ವರ್ಷದ ಹಿಂದೆ ಇಂಥದ್ದೇ ಇನ್ನೊಂದು ಲಾಡ್ಜಿಗೆ ನೆಲ ಒರೆಸುವ ಕೆಲಸಕ್ಕೆ ಸೇರಿದೆ. ಆಗ ನನ್ನ ಹತ್ತಿರ ಇದ್ದದ್ದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಒಂದೇ. ಅದನ್ನೂ ಯಾರೂ ಕೇಳಲಿಲ್ಲ. "ನಾಳೆ ಆರೂವರೆಗೆ ಬಾ, ನೋಡುವಾ" ಅಂದರು. ಹೋದೆ. ಒಂದು ವಾರ ನೋಡಿದರು, ಇಟ್ಟುಕೊಂಡರು.

ಈಗ ಹೊಸಬರನ್ನು ನೋಡಿ ಆರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರುವವರ ಕೈಯಲ್ಲಿ ಪ್ಲಾಸ್ಟಿಕ್ ಫೈಲು ಇರುತ್ತದೆ. ಒಳಗೆ ಬಣ್ಣದ ಸರ್ಟಿಫಿಕೇಟು, ಅದರಲ್ಲಿ ಫೋಟೋ, ಗ್ರೇಡು, ಕ್ಯುಆರ್ ಕೋಡ್. ನಾನು ಅದನ್ನು ಮರ್ಯಾದೆಯಿಂದ ತೆಗೆದುಕೊಂಡು ಓದುತ್ತೇನೆ. ಆಮೇಲೆ ಪಕ್ಕಕ್ಕಿಟ್ಟು, "ನಾಳೆ ಆರೂವರೆಗೆ ಬಾ, ನೋಡುವಾ" ಅನ್ನುತ್ತೇನೆ. 19 ವರ್ಷ ಕಳೆದರೂ ಇದೇ ಮಾತು. ಹಾಗಾದರೆ ನಡುವೆ ಸರ್ಕಾರ ಸುರಿದ ದುಡ್ಡು, ಆ ಮಕ್ಕಳು ಕೊಟ್ಟ ತಿಂಗಳುಗಳು ಎಲ್ಲಿಗೆ ಹೋದವು? ಇದನ್ನು ಕೇಳಲಿಕ್ಕೇ ಈ ಪತ್ರ.

ಕಳೆದ ಸೀಸನ್ ಶುರುವಾಗುವ ಮುಂಚೆ ಕದ್ರಾ ಕಡೆಯಿಂದ ಒಬ್ಬಳು ಹುಡುಗಿ ಬಂದಳು. 20 ವರ್ಷ ಇರಬಹುದು. ಹೌಸ್‌ಕೀಪಿಂಗ್ ಕೋರ್ಸ್ ಮುಗಿಸಿದ ಸರ್ಟಿಫಿಕೇಟು, ಗ್ರೇಡ್ ಎ. ನನಗೆ ಖುಷಿಯಾಯಿತು. ಖಾಲಿ ರೂಮಿಗೆ ಕರೆದುಕೊಂಡು ಹೋಗಿ, ಒಗೆದು ಇಸ್ತ್ರಿ ಮಾಡಿದ ಬೆಡ್‌ಶೀಟ್ ಕೊಟ್ಟೆ. "ಹಾಸು" ಅಂದೆ.

ಅವಳು ಶೀಟನ್ನು ಎದೆಗೆ ಅವಚಿಕೊಂಡು ನಿಂತಳು. ಹಾಸಿಗೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮನೆಯಲ್ಲಿ ಚಾಪೆ ಮೇಲೆ ಬೆಡ್‌ಶೀಟ್ ಕೊಡವುತ್ತೇವಲ್ಲ, ಹಾಗೆ ಕೊಡವಿ ಹಾಸಿದಳು. ಮೂಲೆ ಮಡಚಲು ಹೋಗಿ ಬಿಟ್ಟಳು. ಮೂಲೆ ಮಡಚುವುದು ನಮ್ಮ ಕೆಲಸದ ಅ ಆ ಇ ಈ. ಅಂಚನ್ನು ಎತ್ತಿ ಓರೆಯಾಗಿ ತ್ರಿಕೋನ ಮಾಡಿ, ಕೆಳಗೆ ಜೋತದ್ದನ್ನು ಹಾಸಿಗೆಯ ಅಡಿಗೆ ಸೇರಿಸಿ, ಆಮೇಲೆ ತ್ರಿಕೋನ ಇಳಿಸಿ ಅದನ್ನೂ ಒಳಗೆ ತುರುಕಬೇಕು. ಗೊತ್ತಿದ್ದವರಿಗೆ ಅರ್ಧ ನಿಮಿಷದ ಕೆಲಸ. ಗೊತ್ತಿಲ್ಲದೆ ಹಾಸಿದರೆ ರಾತ್ರಿ ಗಿರಾಕಿ ಒಮ್ಮೆ ಮಗ್ಗಲು ಬದಲಿಸಿದಾಗಲೇ ಶೀಟು ಕಿತ್ತು ಬರುತ್ತದೆ.

"ಕೋರ್ಸಿನಲ್ಲಿ ಕಲಿಸಲಿಲ್ವಾ?" ಅಂದೆ.

"ವಿಡಿಯೋದಲ್ಲಿ ತೋರಿಸಿದ್ರು ಮೇಡಂ. ಮಂಚ ಒಂದೇ ಇತ್ತು, ನಾವು 30 ಜನ. ಹಾಸಿಗೆ ಹೊಸದು, ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಕೊಳೆ ಆಗ್ತದೆ, ಮುಟ್ಟಬೇಡಿ ಅಂದಿದ್ರು."

ನಾನು ನಕ್ಕುಬಿಟ್ಟೆ. ಅವಳಿಗೆ ಕಣ್ಣೀರು ಬಂತು. ಆ ನಗು ಇವತ್ತಿಗೂ ನನಗೆ ಚುಚ್ಚುತ್ತದೆ. ತಪ್ಪು ಅವಳದ್ದಾಗಿರಲಿಲ್ಲ, ಅಲ್ವಾ?

ಪರೀಕ್ಷೆ ಹೇಗಾಯಿತು ಅಂತ ಚಹಾ ಕುಡಿಸಿ ಕೇಳಿದೆ. ಹೊರಗಿನಿಂದ ಒಬ್ಬರು ಪರೀಕ್ಷಕರು ಮಧ್ಯಾಹ್ನ ಬಂದರಂತೆ. ಸಂಜೆಯ ರೈಲು ಹಿಡಿಯುವ ಗಡಿಬಿಡಿ ಅವರಿಗೆ. ಎಲ್ಲರಿಗೂ ಸರದಿ ಮೇಲೆ ಟ್ಯಾಬ್ ಕೊಟ್ಟರು. ಪ್ರಶ್ನೆ ಇಂಗ್ಲಿಷ್‌ನಲ್ಲಿ, ಬೇಕಾದರೆ ಹಿಂದಿಯಲ್ಲಿ. ಈ ಹುಡುಗಿ ಮನೆಯಲ್ಲಿ ಮಾತಾಡುವುದು ಕೊಂಕಣಿ, ಓದಿದ್ದು ಕನ್ನಡ ಮೀಡಿಯಂ. ಕೇಂದ್ರದ ಒಬ್ಬರು ಹಿಂದೆ ನಿಂತು "ಎರಡು, ನಾಲ್ಕು, ಒಂದು" ಅಂತ ಮೆಲ್ಲಗೆ ಹೇಳುತ್ತಾ ಹೋದರಂತೆ. ಆಮೇಲೆ ಫೋಟೋ. ಏಪ್ರನ್ ಇದ್ದದ್ದು ಆರು. ಆರು ಜನ ಹಾಕಿಕೊಂಡು ಫೋಟೋ ತೆಗೆಸಿ, ಬಿಚ್ಚಿ ಮುಂದಿನ ಆರು ಜನರಿಗೆ ಕೊಡಬೇಕು. ಇಷ್ಟೇ ಪ್ರಾಕ್ಟಿಕಲ್. ಕೇಂದ್ರದ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ಹಿಡಿದು ಬೈದರೆ ಉಳಿದವರು ನಿರಾಳವಾಗುತ್ತಾರೆ, ಅಷ್ಟೇ. ಎಲ್ಲ ಕೇಂದ್ರಗಳೂ ಹೀಗೇ ಅಂತಲೂ ನಾನು ಹೇಳುತ್ತಿಲ್ಲ. ಚೆನ್ನಾಗಿ ಕಲಿತು ಬಂದ ಹುಡುಗರೂ ನಮ್ಮಲ್ಲಿ ಇದ್ದಾರೆ. ತೊಂದರೆ ಏನೆಂದರೆ, ಕಲಿತವನ ಸರ್ಟಿಫಿಕೇಟೂ ಕಲಿಯದವನದ್ದೂ ನೋಡಲಿಕ್ಕೆ ಒಂದೇ ಥರ. ಕ್ಯುಆರ್ ಸ್ಕ್ಯಾನ್ ಮಾಡಿದರೆ ಕಾಗದ ಅಸಲಿ ಅಂತ ಗೊತ್ತಾಗುತ್ತದೆ. ಮೂಲೆ ಮಡಚಲು ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ನಿಯಮಗಳು ಇಲ್ಲ ಅಂತಲ್ಲ. ನಮ್ಮ ಲಾಡ್ಜಿನಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ಒಬ್ಬರು ನಿವೃತ್ತ ಐಟಿಐ ಮೇಷ್ಟ್ರು ನನಗೆ ಇದನ್ನೆಲ್ಲ ಬಿಡಿಸಿ ಹೇಳಿದರು. ಯಾವ ಹಂತದ ಕೆಲಸಗಾರನಿಗೆ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು, ಎಷ್ಟು ಹೊಣೆ ಹೊರಬೇಕು ಅಂತ ಹೇಳುವ ರಾಷ್ಟ್ರೀಯ ಚೌಕಟ್ಟು 2013ರ ಡಿಸೆಂಬರ್‌ನಲ್ಲೇ ಬಂದಿದೆ. ಅದನ್ನು ಎನ್‌ಎಸ್‌ಕ್ಯೂಎಫ್ ಅನ್ನುತ್ತಾರೆ. ಮೊದಲು 10 ಹಂತ ಇತ್ತು, ಈಗ 8. 2015ರ ಜುಲೈ 15ಕ್ಕೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ ಶುರುವಾಯಿತು. 2017ರಲ್ಲಿ ನಮ್ಮ ರಾಜ್ಯದ್ದೇ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಬಂತು. ಪರೀಕ್ಷೆ ಮಾಡುವವರನ್ನೂ ಸರ್ಟಿಫಿಕೇಟ್ ಕೊಡುವವರನ್ನೂ ನೋಡಿಕೊಳ್ಳಲು 2018ರಲ್ಲಿ ಎನ್‌ಸಿವಿಇಟಿ ಅನ್ನುವ ಮಂಡಳಿಯನ್ನೇ ಮಾಡಿದ್ದಾರೆ. ಕಾಗದದ ಮೇಲೆ ಎಲ್ಲ ಅಚ್ಚುಕಟ್ಟು. ಹಾಸಿಗೆ ಮೇಲೆ ಮಾತ್ರ ಪ್ಲಾಸ್ಟಿಕ್.

ಯಾಕೆ ಹೀಗಾಗುತ್ತದೆ ಅಂತ ಮೇಷ್ಟ್ರನ್ನು ಕೇಳಿದೆ. ಅವರು ದುಡ್ಡು ಹರಿಯುವ ದಾರಿ ತೋರಿಸಿದರು. ಪ್ರಧಾನಮಂತ್ರಿ ಯೋಜನೆಯ ಎರಡನೇ ಸುತ್ತಿನಲ್ಲಿ, ಅಂದರೆ 2016ರಿಂದ 2020ರವರೆಗೆ, ಕೇಂದ್ರಗಳಿಗೆ ಹಣ ಮೂರು ಕಂತಿನಲ್ಲಿ ಬರುತ್ತಿತ್ತು. ಬ್ಯಾಚ್ ಶುರುವಾದಾಗ ನೂರಕ್ಕೆ 30. ಮಕ್ಕಳು ಪಾಸಾಗಿ ಸರ್ಟಿಫಿಕೇಟ್ ಬಂದಾಗ 50. ಕೆಲಸ ಸಿಕ್ಕರೆ ಉಳಿದ 20. ನೀವೇ ಲೆಕ್ಕ ಹಾಕಿ. ಅರ್ಧ ದುಡ್ಡು ಪಾಸಾಗುವುದರ ಮೇಲೆ ನಿಂತಿದ್ದರೆ, ಫೇಲ್ ಮಾಡಿಸಲು ಯಾರಿಗೆ ಮನಸ್ಸು ಬರುತ್ತದೆ? ಅಡಿಕೆ ಖರೀದಿ ಮಾಡುವವನೇ ತೂಕದ ಕಲ್ಲನ್ನೂ ತಯಾರಿಸಿದಂತೆ. ಶಿರಸಿಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಈಗ ಕಂತಿನ ಲೆಕ್ಕ ಬದಲಾಗಿರಬಹುದು. ಆ ಅಭ್ಯಾಸ ಬಿಟ್ಟುಹೋಗಿಲ್ಲ ಅನ್ನುವುದಕ್ಕೆ ಎದೆಗೆ ಶೀಟು ಅವಚಿ ನಿಂತ ಆ ಹುಡುಗಿಯೇ ಸಾಕು.

ಇನ್ನು 'ಕೆಲಸಕ್ಕೆ ತಯಾರಿದ್ದಾರೆ' ಅಂದರೆ ಏನು ಅನ್ನುವ ಪ್ರಶ್ನೆ. ಇದರ ಬಗ್ಗೆ ನನಗೆ ಸ್ವಲ್ಪ ಹೇಳಲಿಕ್ಕಿದೆ, ಯಾಕೆಂದರೆ ದಿನಾ ನೋಡುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಟಾಯ್ಲೆಟ್ ಬೆಳ್ಳಗಾಗಲಿ ಅಂತ ಆ್ಯಸಿಡ್ ಇರುವ ಕ್ಲೀನರ್ ಹಾಕಿ, ಅದರ ಮೇಲೆ ಬ್ಲೀಚ್ ಸುರಿದ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಬಾತ್‌ರೂಮಿಗೆ ಕಿಟಕಿ ಇದ್ದದ್ದು ಒಂದು ಗೇಣು. ಕೆಮ್ಮುತ್ತಾ ಹೊರಗೆ ಬಂದು ಕಾರಿಡಾರಿನಲ್ಲಿ ಕುಸಿದ. ಪುಣ್ಯ, ಬಾಗಿಲು ತೆರೆದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಂಜೆಗೆ ಮನೆಗೆ ಬಿಟ್ಟೆವು. ಅವತ್ತು ಬೆಳಿಗ್ಗೆ ಅವನಿಗೆ ನಾನೇ ಹೇಳಿದ್ದೆ, ಎರಡನ್ನೂ ಸೇರಿಸಬೇಡ ಅಂತ. ಅವನು "ಹ್ಞೂಂ ಮೇಡಂ" ಅಂದಿದ್ದ. ಆಮೇಲೆ ಕೇಳಿದರೆ, ನಾನು ಹೇಳಿದ್ದು ಯಾವ ಎರಡು ಬಾಟಲಿ ಅಂತಲೇ ಅವನಿಗೆ ತಿಳಿದಿರಲಿಲ್ಲ. ನಾನು ಇಂಗ್ಲಿಷ್ ಹೆಸರು ಹೇಳಿದ್ದೆ. ಬಾಟಲಿ ತೋರಿಸಿರಲಿಲ್ಲ. ಅದು ನನ್ನ ತಪ್ಪು. ಆದರೆ ಅವನು ಕೇಳಲಿಲ್ಲ. ಸುಮ್ನೆ ತಲೆ ಆಡಿಸಿದ.

ಹೊಸಬರಲ್ಲಿ ನಾನು ಹುಡುಕುವುದು ಇದೇ. ಅರ್ಥ ಆಗದಿದ್ದರೆ ಅರ್ಥ ಆಗಲಿಲ್ಲ ಅನ್ನಬೇಕು. ಬಸ್ಸು ತಪ್ಪಿದರೆ ಆರು ಗಂಟೆಗೇ ಫೋನ್ ಮಾಡಬೇಕು, ಒಂಬತ್ತಕ್ಕೆ ಬಂದು ಕಾರಣ ಹೇಳುವುದಲ್ಲ. ಗ್ಲಾಸು ಒಡೆದರೆ ಹೇಳಬೇಕು, ಮಂಚದ ಕೆಳಗೆ ತಳ್ಳುವುದಲ್ಲ. ಗಿರಾಕಿ ಬಿಟ್ಟುಹೋದ ಚಾರ್ಜರ್‌ನ್ನು ರೂಮ್ ನಂಬರ್ ಬರೆದು ಕೌಂಟರಿಗೆ ಕೊಡಬೇಕು. ಗೋಡೆಗೆ ಅಂಟಿಸಿದ ಡ್ಯೂಟಿ ಚೀಟಿ ಓದಿ, ಗುರುವಾರ ತನ್ನ ಪಾಳಿ ಯಾವುದು ಅಂತ ತಾನೇ ಹೇಳಬೇಕು. ಗಿರಾಕಿ ಒಳಗಿದ್ದರೆ ಬಾಗಿಲು ತಟ್ಟಿ ಮೂರು ಎಣಿಸಿ ಮತ್ತೆ ತಟ್ಟಬೇಕು. ಗಿರಾಕಿ ಕೆಟ್ಟದಾಗಿ ನಡೆದುಕೊಂಡರೆ ಟ್ರಾಲಿ ಅಲ್ಲೇ ಬಿಟ್ಟು ಬಂದು ನನಗೆ ಹೇಳಬೇಕು. ಹುಡುಗಿಯರಿಗೆ ಈ ಕೊನೆಯದನ್ನು ಯಾರಾದರೂ ಕಲಿಸುತ್ತಾರಾ? ನಾನು ಮಾತ್ರ ಮೊದಲ ದಿನವೇ ಕಲಿಸುತ್ತೇನೆ.

ಕೋರ್ಸುಗಳಲ್ಲಿ ಈಗ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅನ್ನುವ ಪಾಠ ಸೇರಿಸಿದ್ದಾರೆ. 30 ಗಂಟೆಯದ್ದು, 60 ಗಂಟೆಯದ್ದು, 90, 120 ಹೀಗೆ. ಮೇಷ್ಟ್ರ ಫೋನಿನಲ್ಲಿ ಪಟ್ಟಿ ನೋಡಿದೆ. ಸಂವಿಧಾನದ ಮೌಲ್ಯ, ಇಂಗ್ಲಿಷ್, ಡಿಜಿಟಲ್, ದುಡ್ಡಿನ ಲೆಕ್ಕ, ಗಿರಾಕಿಗಳ ಜೊತೆ ನಡೆದುಕೊಳ್ಳುವುದು, ಸ್ವಂತ ಉದ್ಯಮ. ಕೆಟ್ಟ ಪಟ್ಟಿ ಅಲ್ಲ, ಒಳ್ಳೆಯದೇ. 30 ಗಂಟೆಯಲ್ಲಿ ಇಷ್ಟೂ ಮುಗಿಸುವ ಮೇಷ್ಟ್ರಿಗೆ ನನ್ನ ದೊಡ್ಡ ನಮಸ್ಕಾರ. ಆದರೆ ಇವನ್ನೆಲ್ಲ ಟ್ಯಾಬಿನ ಮೇಲೆ ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತಿಸಿ ಅಳೆಯಲು ಆಗುವುದಿಲ್ಲ. ಅರ್ಥ ಆಗದಿದ್ದಾಗ ಏನು ಮಾಡುತ್ತೀರಿ ಅಂತ ಕೇಳಿದರೆ 'ಮೇಲ್ವಿಚಾರಕರನ್ನು ಕೇಳುತ್ತೇನೆ' ಅನ್ನುವುದನ್ನು ಎಲ್ಲರೂ ಒತ್ತುತ್ತಾರೆ. ಬ್ಲೀಚ್ ಸುರಿದ ಹುಡುಗನೂ ಅದನ್ನೇ ಒತ್ತುತ್ತಿದ್ದ.

ಕದ್ರಾ ಕಡೆಯ ಆ ಹುಡುಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅವಳನ್ನು ಇಟ್ಟುಕೊಂಡೆ. ಎರಡನೇ ದಿನ ನೆಲ ಒರೆಸುವ ದ್ರಾವಣ ಬೆರೆಸಲು ಹೇಳಿದೆ. ಬಾಟಲಿ ಮೇಲೆ ಒಂದಕ್ಕೆ ನಲವತ್ತು ಅಂತ ಇದೆ. "ಒಂದು ಲೀಟರ್ ನೀರಿಗೆ ಎಷ್ಟು ಎಂಎಲ್?" ಅಂದೆ. "ಮಾಕಾ ಕಳನಾ" ಅಂದಳು, ಗೊತ್ತಿಲ್ಲ ಅಂತ. ಮುಖ ಸಣ್ಣದಾಯಿತು. ಅವಳ ತಾಯಿಯ ತವರು ಕಡಲ ಬದಿ, ರಜೆಯಲ್ಲಿ ಅಜ್ಜಿಯ ಜೊತೆ ಮೀನು ಒಣಗಿಸುತ್ತಿದ್ದಳು ಅಂತ ಅವತ್ತೇ ಮಾತಿಗೆ ಮಾತು ಬಂದು ಹೇಳಿದ್ದಳು. "ನಿನ್ನ ಅಜ್ಜಿ ಒಂದು ಬುಟ್ಟಿ ಬಂಗಡೆಗೆ ಎಷ್ಟು ಉಪ್ಪು ಹಾಕ್ತಾರೆ?" ಅಂದೆ. ತಟ್ಟನೆ ಹೇಳಿದಳು. ನಾಲ್ಕು ಪಾಲು ಮೀನಿಗೆ ಒಂದು ಪಾಲು. ಮಳೆ ಮೋಡ ಇದ್ದರೆ ಸ್ವಲ್ಪ ಜಾಸ್ತಿ. ಅರ್ಧ ಬುಟ್ಟಿ ಆದರೆ? ಅದಕ್ಕೂ ಉತ್ತರ ಇತ್ತು. "ಹಾಗಾದ್ರೆ ಇಲ್ಲಿ ನಲವತ್ತು ಪಾಲು ನೀರು, ಒಂದು ಪಾಲು ಮದ್ದು" ಅಂದೆ. ಬೆರಳು ಮಡಚಿ ಲೆಕ್ಕ ಹಾಕಿದಳು. "25 ಎಂಎಲ್" ಅಂದಳು. ಸರಿ ಉತ್ತರ.

ಲೆಕ್ಕ ಅವಳಿಗೆ ಬರುತ್ತಿತ್ತು, ಪರೀಕ್ಷೆಗೆ ಅದು ಕಾಣಲಿಲ್ಲ. ಮೂಲೆ ಮಡಚಲು ಬರುತ್ತಿರಲಿಲ್ಲ, ಪರೀಕ್ಷೆಗೆ ಅದೂ ಕಾಣಲಿಲ್ಲ. ಎರಡನ್ನೂ ನೋಡದೆ ಗ್ರೇಡ್ ಎ ಬರೆದರು.

ಇದರ ಇನ್ನೊಂದು ಮಗ್ಗಲು ಇದೆ. ಬೈತಖೋಲ ಬಂದರಿನಲ್ಲಿ ದೋಣಿಗೆ ಐಸ್ ತುಂಬುವ ಒಬ್ಬ ಹುಡುಗ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ನಮ್ಮಲ್ಲಿ ಕೆಲಸಕ್ಕೆ ಬರುತ್ತಾನೆ. ಮೂರು ವರ್ಷದಿಂದ ಒಂದು ದಿನವೂ ತಡವಾಗಿ ಬಂದಿಲ್ಲ. ದೋಣಿ ಯಾರಿಗೂ ಕಾಯುವುದಿಲ್ಲ, ಅಲ್ಲಿಂದ ಬಂದ ಅಭ್ಯಾಸ ಅದು. ನೀರು ಸೋರಿದರೆ ನನಗೆ ಹೇಳುವ ಮೊದಲೇ ವಾಲ್ವ್ ಮುಚ್ಚಿರುತ್ತಾನೆ. ಎಷ್ಟು ಟವೆಲ್ ಒಗೆಯಲು ಹೋಯಿತು, ಎಷ್ಟು ಬಂತು, ಕಡಿಮೆ ಬಿದ್ದದ್ದು ಯಾವುದು, ಎಲ್ಲ ಅವನ ಬಾಯಲ್ಲಿ. ಮಾಜಾಳಿ ದಾಟಿ ಗೋವಾದ ಕಾಣಕೋಣದ ಒಂದು ರೆಸಾರ್ಟಿಗೆ ಕೆಲಸ ಕೇಳಲು ಹೋದ. ಸರ್ಟಿಫಿಕೇಟ್ ಎಲ್ಲಿ ಅಂದರು. ವಾಪಸ್ ಬಂದ. ಅವನ ಜೊತೆ ಹೋದವನಲ್ಲಿ ಸರ್ಟಿಫಿಕೇಟ್ ಇತ್ತು, ಅವನನ್ನು ತೆಗೆದುಕೊಂಡರು. ಹದಿನೈದು ದಿನಕ್ಕೆ ಅವನೂ ವಾಪಸ್ ಬಂದ, ಬೇರೆ ಕಾರಣಕ್ಕೆ.

ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ದಾರಿ ಯೋಜನೆಯಲ್ಲೇ ಇದೆ, ಆರ್‌ಪಿಎಲ್ ಅಂತ. ಅಂಥದ್ದೊಂದು ಇದೆ ಅಂತ ಈ ಹುಡುಗನಿಗೆ ಗೊತ್ತೇ ಇರಲಿಲ್ಲ. ನನಗೂ ಮೇಷ್ಟ್ರು ಹೇಳುವ ತನಕ ಗೊತ್ತಿರಲಿಲ್ಲ. ಬಂದರಿನಲ್ಲಿ ಒಂದು ಬೋರ್ಡ್ ಹಾಕಲು ಎಷ್ಟು ಖರ್ಚು?

ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು, ಅದು ನನಗೆ ತುಂಬಾ ಹಿಡಿಸಿತು. ಅಮೆರಿಕದಲ್ಲಿ ಎಸಿಟಿ ಅನ್ನುವ ಸಂಸ್ಥೆ 2006ರಿಂದ ನ್ಯಾಷನಲ್ ಕರಿಯರ್ ರೆಡಿನೆಸ್ ಸರ್ಟಿಫಿಕೇಟ್ ಕೊಡುತ್ತಿದೆ. ಅಲ್ಲಿ ಈಗ ಮೂರು ಪರೀಕ್ಷೆ. ಕೆಲಸದಲ್ಲಿ ಬೇಕಾಗುವ ಲೆಕ್ಕ ಒಂದು. ಕೆಲಸದ ಜಾಗದ ನೋಟಿಸು, ಸೂಚನೆ, ಪತ್ರ ಓದಿ ತಿಳಿದುಕೊಳ್ಳುವುದು ಇನ್ನೊಂದು. ಚಾರ್ಟು, ಪಟ್ಟಿ, ಮೀಟರು ನೋಡಿ ಅರ್ಥ ಮಾಡಿಕೊಳ್ಳುವುದು ಮೂರನೆಯದು. ಮೂರರಲ್ಲೂ ಕನಿಷ್ಠ 3ನೇ ಮಟ್ಟ ಬಂದರೆ ಕಂಚು, 4 ಬಂದರೆ ಬೆಳ್ಳಿ, 5 ಬಂದರೆ ಚಿನ್ನ, 6 ಬಂದರೆ ಪ್ಲಾಟಿನಂ. ಎರಡರಲ್ಲಿ 6 ಬಂದು ಒಂದರಲ್ಲಿ 3 ಬಂದರೆ? ಕಂಚೇ. ಎಲ್ಲಕ್ಕಿಂತ ಕಡಿಮೆ ಬಂದದ್ದೇ ಲೆಕ್ಕಕ್ಕೆ. ಸರಾಸರಿ ತೆಗೆದು ಮುಚ್ಚಿಹಾಕುವ ಆಟ ಅಲ್ಲಿ ನಡೆಯುವುದಿಲ್ಲ. ಜೊತೆಗೆ, ಯಾವ ಕೆಲಸಕ್ಕೆ ಯಾವ ಮಟ್ಟ ಸಾಕು ಅಂತ ಆಯಾ ಕೆಲಸವನ್ನು ನೋಡಿಯೇ ಹೇಳುವ ಏರ್ಪಾಡೂ ಇದೆಯಂತೆ.

ಅದನ್ನು ಹಾಗೇ ತಂದು ಇಲ್ಲಿ ಹಾಕಿ ಅಂತ ನಾನು ಹೇಳುವುದಿಲ್ಲ. ಅದೂ ಕೂತು ಬರೆಯುವ ಪರೀಕ್ಷೆಯೇ. ಕೈ ಕೆಲಸ ನೋಡುವುದಿಲ್ಲ, ಬಸ್ಸು ತಪ್ಪಿದರೆ ಫೋನ್ ಮಾಡುವವರು ಯಾರು ಅಂತಲೂ ಹೇಳುವುದಿಲ್ಲ. ಆದರೆ ಕಡಿಮೆ ಬಂದದ್ದನ್ನು ಬಚ್ಚಿಡದೆ ಅದರ ಮೇಲೇ ಗ್ರೇಡ್ ನಿಲ್ಲಿಸುವ ಆ ಒಂದು ನಿಯಮ ನಮಗೆ ಬೇಕು. ನನಗೆ ಎ ಗ್ರೇಡಿನವರು ಬೇಡ ಸ್ವಾಮಿ. ಯಾವುದು ಬರುವುದಿಲ್ಲ ಅಂತ ನಿಜ ಹೇಳುವ ಕಾಗದ ಬೇಕು. ಬರದೇ ಇದ್ದದ್ದನ್ನು ನಾನು ಕಲಿಸಿಕೊಳ್ಳುತ್ತೇನೆ. ಬರುತ್ತದೆ ಅಂತ ಸುಳ್ಳು ಬರೆದರೆ ಬ್ಲೀಚ್ ಬಾಟಲಿ ಅವನ ಕೈಗೆ ಕೊಟ್ಟುಬಿಡುತ್ತೇನೆ.

ಇಷ್ಟೆಲ್ಲ ನಿಮ್ಮನ್ನು ಕೇಳಿ, ನಮ್ಮ ಕಡೆಯ ತಪ್ಪು ಮುಚ್ಚಿಟ್ಟರೆ ಅನ್ಯಾಯ. ಪತ್ರದ ಮೇಲೆ ಮಾಲೀಕರನ್ನೂ ಸೇರಿಸಿದ್ದು ಅದಕ್ಕೇ. ನಮ್ಮ ಊರಿನ ಲಾಡ್ಜು, ಹೋಟೆಲು, ಹೋಂಸ್ಟೇಗಳಲ್ಲಿ ಸರ್ಟಿಫಿಕೇಟ್ ಇದ್ದವರಿಗೂ ಇಲ್ಲದವರಿಗೂ ಮೊದಲ ಸಂಬಳ ಒಂದೇ. ನಾನು ನೋಡಿದ ಯಾವ ಜಾಗದಲ್ಲೂ ನೂರು ರೂಪಾಯಿ ಜಾಸ್ತಿ ಕೊಟ್ಟದ್ದಿಲ್ಲ. ನಮ್ಮಲ್ಲೂ ಇಲ್ಲ. ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿ ಕಲಿತ ಹುಡುಗಿಗೂ, ನಿನ್ನೆ ದಾರಿಯಲ್ಲಿ ಸಿಕ್ಕವನಿಗೂ ಒಂದೇ ಅಂದರೆ, ಕಲಿಯುವವರು ಯಾಕೆ ಕಲಿಯಬೇಕು? ತರಬೇತಿ ಕೇಂದ್ರದವರು "ನಿಮ್ಮಲ್ಲಿ ಎಷ್ಟು ಜನರಿಗೆ ಕೆಲಸ ಕೊಡ್ತೀರಿ, ಲೆಟರ್ ಕೊಡಿ" ಅಂತ ಬಂದಾಗ, ಓದದೆ ಸಹಿ ಹಾಕಿದ ಲಾಡ್ಜುಗಳಿವೆ. ಒಂದು ಸಲ ನಾನೇ ಸೀಲು ಒತ್ತಿ ಕೊಟ್ಟಿದ್ದೇನೆ. ಒತ್ತಿ ಕೊಟ್ಟ ಮೇಲೆ ಒಬ್ಬರನ್ನೂ ಕರೆಯಲಿಲ್ಲ.

ಅಪ್ರೆಂಟಿಸ್ ಅಂತ ಇಟ್ಟುಕೊಳ್ಳುವ ದಾರಿಯೂ ಇದೆ. 1961ರ ಕಾಯ್ದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅದು ಕಡ್ಡಾಯ. ನಮ್ಮಂಥ ಸಣ್ಣವರು ಮನಸ್ಸಿದ್ದರೆ ಇಟ್ಟುಕೊಳ್ಳಬಹುದು. ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಕೇಂದ್ರ ಸರ್ಕಾರವೇ ಕೊಡುತ್ತದೆ. ನಮ್ಮ ಮಾಲೀಕರಿಗೆ ಇದನ್ನು ಹೇಳಿದೆ. "ಪೋರ್ಟಲ್ ಗೀರ್ಟಲ್ ಎಲ್ಲ ಯಾರು ನೋಡ್ತಾರೆ?" ಅಂದರು. ಆ ಮಾತೂ ಸುಳ್ಳಲ್ಲ. ರಿಸೆಪ್ಷನ್ನಿನಲ್ಲಿ ಕೂರುವವನೇ ಜಿಎಸ್‌ಟಿ ನೋಡುತ್ತಾನೆ, ಅವನೇ ಮೋಟರ್ ಹಾಕುತ್ತಾನೆ. ಒಬ್ಬರು ಬಂದು ಒಂದು ದಿನ ಕೂತು ಹೇಳಿಕೊಟ್ಟರೆ ಹತ್ತು ಲಾಡ್ಜಿನವರು ಮಾಡುತ್ತಾರೆ.

ಹಾಗಾದರೆ ನಾನು ಕೇಳುವುದೇನು?

ಮೊದಲನೆಯದು ಕಾಲದ ವಿಷಯ. ನಮ್ಮ ಕರಾವಳಿಯಲ್ಲಿ ಸೀಸನ್ ಅಕ್ಟೋಬರ್‌ನಿಂದ ಮೇ ತನಕ. ಗೋಕರ್ಣ, ಮುರ್ಡೇಶ್ವರ, ಹೊನ್ನಾವರ, ಕಾರವಾರ, ಎಲ್ಲ ಕಡೆಯೂ ಹಾಗೇ. ಜನ ಬೇಕು ಅಂತ ನಾವು ಹುಡುಕುವುದು ಸೆಪ್ಟೆಂಬರ್‌ನಲ್ಲಿ, ದಸರಾ ರಜೆಯ ಮುಂಚೆ. ನನ್ನ ಹತ್ತಿರ ಬಂದ ಮಕ್ಕಳಲ್ಲಿ ಜಾಸ್ತಿ ಜನ ಕೋರ್ಸ್ ಮುಗಿಸಿದ್ದು ಮಾರ್ಚ್ ಆಸುಪಾಸು. ಅವರ ಕೈಗೆ ಕಾಗದ ಬರುವಾಗ ನಾವು ಮಳೆಗಾಲಕ್ಕೆ ಪರದೆ ಬಿಚ್ಚಿ ಒಗೆಯುತ್ತಿರುತ್ತೇವೆ. ಹೌಸ್‌ಕೀಪಿಂಗ್, ಅಡುಗೆ, ಸರ್ವಿಸ್ ಕೋರ್ಸುಗಳನ್ನು ಜೂನ್‌ನಿಂದ ಆಗಸ್ಟ್‌ವರೆಗೆ ನಡೆಸಿ. ಆಗ ನಮ್ಮ ರೂಮುಗಳು ಖಾಲಿ. ಬಂದರಿನ ಹುಡುಗರೂ ಜುಲೈ ಮುಗಿಯುವ ತನಕ ಖಾಲಿ. ಮಂಚ ಬೇಕಾ? ನಮ್ಮಲ್ಲಿ ಸಾಲಾಗಿ ಇವೆ. ಕೊಳೆಯಾದರೆ ಒಗೆಯುವುದು ಅಲ್ಲಿಯೇ ಇನ್ನೊಂದು ಪಾಠ. ಜುಲೈ 15ಕ್ಕೆ ವಿಶ್ವ ಯುವ ಕೌಶಲ್ಯ ದಿನ ಅಂತ ಹೇಗೂ ಕಾರ್ಯಕ್ರಮ ಮಾಡುತ್ತೀರಿ. ಆ ದಿನ ಶಾಲು ಹೊದಿಸುವ ಬದಲು 30 ಮಕ್ಕಳ ಕೈಯಲ್ಲಿ 30 ಮಂಚಕ್ಕೆ ಶೀಟು ಹಾಸಿಸಿ. ನಾನೂ ಬಂದು ನೋಡುತ್ತೇನೆ.

ಪರೀಕ್ಷೆ ಕೂಡ ಅಲ್ಲೇ ಆಗಲಿ, ನಿಜವಾದ ರೂಮಿನಲ್ಲಿ. ಟ್ಯಾಬಿನ ಪ್ರಶ್ನೆ ಇರಲಿ, ಬೇಡ ಅನ್ನುವುದಿಲ್ಲ, ಆದರೆ ಕನ್ನಡದಲ್ಲಿ ಇರಲಿ. ಪ್ರಾಕ್ಟಿಕಲ್ಲಿನಲ್ಲಿ ಮಕ್ಕಳು ಕೊಂಕಣಿಯಲ್ಲಿ ಉತ್ತರ ಹೇಳಿದರೂ ತಪ್ಪು ಅನ್ನಬೇಡಿ. ಪರೀಕ್ಷಕರ ಜೊತೆ ಇದೇ ಕೆಲಸ ಮಾಡಿದ ಊರಿನ ಒಬ್ಬರು ಕೂರಲಿ, ಆದರೆ ಮಕ್ಕಳು ತರಬೇತಿ ಪಡೆದ ಲಾಡ್ಜಿನವರಲ್ಲ. ಅಂಕೋಲಾದವರು ಕಾರವಾರಕ್ಕೆ ಬರಲಿ, ನಾನು ಕುಮಟಾಕ್ಕೆ ಹೋಗುತ್ತೇನೆ. ಪರೀಕ್ಷಕರ ಫೀಸು ತರಬೇತಿ ಕೇಂದ್ರದ ಕೈ ದಾಟಿ ಬರುವುದು ಬೇಡ. ಪಾಸಾದವರ ಲೆಕ್ಕಕ್ಕೂ ಅವರ ಫೀಸಿಗೂ ಸಂಬಂಧವೇ ಇರದಿರಲಿ.

ಸರ್ಟಿಫಿಕೇಟಿನ ಮುಂದಿನ ಪುಟ ಹೇಗಾದರೂ ಇರಲಿ, ಬಣ್ಣ, ಲೋಗೋ, ಸಹಿ ಎಲ್ಲ ನಿಮಗೆ ಬೇಕಾದಂತೆ. ಹಿಂದಿನ ಪುಟ ನಮಗೆ ಬಿಟ್ಟುಕೊಡಿ. ಅಲ್ಲಿ 12 ಕೆಲಸದ ಹೆಸರು ಕನ್ನಡದಲ್ಲಿ ಇರಲಿ. ಹಾಸಿಗೆ ಹಾಸುವುದು, ದ್ರಾವಣ ಬೆರೆಸುವುದು, ಯಾವ ಬಾಟಲಿ ಯಾವುದರ ಜೊತೆ ಸೇರಬಾರದು ಅಂತ ತೋರಿಸುವುದು, ಡ್ಯೂಟಿ ಚೀಟಿ ಓದುವುದು, ಬಿಟ್ಟುಹೋದ ಸಾಮಾನು ದಾಖಲಿಸುವುದು, ಗಿರಾಕಿಗೆ ಎರಡು ಮಾತು ಹೇಳುವುದು, ಹೀಗೆ. ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದಕ್ಕೆ ಗುರುತು. 'ತಾನೇ ಮಾಡಿದಳು', 'ಹೇಳಿಕೊಟ್ಟರೆ ಮಾಡಿದಳು', 'ಇನ್ನೂ ಬಂದಿಲ್ಲ'. ಪಕ್ಕದಲ್ಲಿ ನೋಡಿದವರ ಹೆಸರು, ಫೋನ್ ನಂಬರ್. ನನಗೆ ಅನುಮಾನ ಬಂದರೆ ಫೋನ್ ಮಾಡಿ ಕೇಳುತ್ತೇನೆ. ಹೆಸರು ಬರೆಯಬೇಕು ಅಂದಾಗ ಯಾರೂ ಸುಮ್ನೆ ಗುರುತು ಹಾಕುವುದಿಲ್ಲ. 'ಇನ್ನೂ ಬಂದಿಲ್ಲ' ಅಂತ ಇದ್ದರೆ ಆರು ತಿಂಗಳಲ್ಲಿ ಅದೊಂದನ್ನೇ ಮತ್ತೆ ಪರೀಕ್ಷೆ ಕೊಡಲು ಬಿಡಿ. ಇಡೀ ಕೋರ್ಸ್ ಮತ್ತೆ ಬೇಡ, ಫೀಸೂ ಬೇಡ.

ಬಂದರು, ಮೀನು ಮಾರ್ಕೆಟ್, ಅಡಿಕೆ ಸುಲಿಯುವ ಮನೆ, ಹೋಂಸ್ಟೇ ಅಡುಗೆಮನೆ, ಇಲ್ಲೆಲ್ಲ ಕೆಲಸ ಕಲಿತವರಿಗೆ ಅದೇ 12 ಕೆಲಸದ ಪಟ್ಟಿ ಕೊಟ್ಟು ನೇರವಾಗಿ ಪರೀಕ್ಷೆ ಮಾಡಿ. ಕ್ಲಾಸಿನಲ್ಲಿ ಕೂರಿಸಿ ಹಾಜರಿ ತೆಗೆಯುವುದು ಬೇಡ. ಆ ಐಸ್ ತುಂಬುವ ಹುಡುಗನನ್ನು ನಾನೇ ಕರೆದುಕೊಂಡು ಬರುತ್ತೇನೆ.

ನಮ್ಮ ಕಡೆಯಿಂದ ಏನು? ನಾನು ಕೆಲಸ ಮಾಡುವ ಲಾಡ್ಜಿನ ಮಟ್ಟಿಗೆ ಮಾಲೀಕರ ಹತ್ತಿರ ಮಾತಾಡಿದ್ದೇನೆ. ಹಿಂದಿನ ಪುಟದಲ್ಲಿ 12ರಲ್ಲಿ 9 'ತಾನೇ' ಅಂತ ಇದ್ದರೆ ಮೊದಲ ತಿಂಗಳಿನಿಂದಲೇ 1000 ರೂಪಾಯಿ ಜಾಸ್ತಿ ಕೊಡುತ್ತೇವೆ. ಬರೆದು ಕೊಡಲು ಒಪ್ಪಿದ್ದಾರೆ. ಬೇರೆ ಮಾಲೀಕರೂ ಇದನ್ನು ಓದಿದರೆ ಒಂದು ಸಲ ಯೋಚನೆ ಮಾಡಿ. ಸೀಸನ್ ಮಧ್ಯದಲ್ಲಿ ಹುಡುಗ ಬಿಟ್ಟುಹೋದರೆ ಆಗುವ ಖರ್ಚು ಎಷ್ಟು ಅಂತ ನಿಮಗೇ ಗೊತ್ತಿದೆ.

ಜೂನ್ 15ರಿಂದ ಆಗಸ್ಟ್ ಕೊನೆಯ ತನಕ ನಮ್ಮ ಎರಡನೇ ಮಹಡಿಯ 12 ರೂಮು ತರಬೇತಿಗೆ ಬಿಟ್ಟುಕೊಡುತ್ತೇವೆ. ಬಾಡಿಗೆ ಬೇಡ. ಶೀಟು ಹಳೆಯವು ಇವೆ, ಕಲಿಯಲು ಅವೇ ಒಳ್ಳೆಯದು. ಕದ್ರಾದ ಹುಡುಗಿ ಈಗ ಒಂದು ರೂಮನ್ನು 25 ನಿಮಿಷದಲ್ಲಿ ಮುಗಿಸುತ್ತಾಳೆ. ಮೂಲೆ ಮಡಚುವುದನ್ನು ಅವಳೇ ಹೇಳಿಕೊಡುತ್ತಾಳೆ. ನಾನು ಕೇಳಿದ್ದೇನೆ, ನಾಚಿಕೊಂಡೇ ಒಪ್ಪಿದಳು.

ಮಾಲೀಕರು ಒಂದೇ ಪ್ರಶ್ನೆ ಕೇಳಿದರು: ಆ ಎರಡೂವರೆ ತಿಂಗಳ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇ ತಿಂಗಳ ಒಳಗೆ ನಿಮ್ಮಿಂದ ಒಂದು ಉತ್ತರ ಬಂದರೆ ಸಾಕು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹೌಸ್‌ಕೀಪಿಂಗ್ ಸೂಪರ್‌ವೈಸರ್
ಕಾರವಾರ